ಎಳೆಯುವ ಚಕ್ರ ಎಷ್ಟು? ವೇಗದ ಸಂಸಾರಿ ಕಾರುಗಳ ಅರವತ್ತು ವರ್ಷ

ಷೋರೂಮುಗಳಲ್ಲಿ ಈಗ ಒಂದು ಮಾತು ಧಾರಾಳವಾಗಿ ಓಡಾಡುತ್ತಿದೆ: ‘ಸಾರ್, ಇದು ಆಲ್ ವೀಲ್ ಡ್ರೈವ್, ಮಳೇಲೂ ಜಾರಲ್ಲ, ಫುಲ್ ಸೇಫು.’ ವಾಹನಗಳ ಬಗ್ಗೆ ಬರೆಯುವ ನಮ್ಮವರೂ ಇದಕ್ಕೇ ಸ್ವಲ್ಪ ಇಸ್ತ್ರಿ ಹಾಕಿ ಅಚ್ಚು ಮಾಡುತ್ತಾರೆ. ಮಾತು ಅರ್ಧ ನಿಜ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋದರೆ ಕಾರು ನಿಂತಲ್ಲಿಂದ ಗಟ್ಟಿಯಾಗಿ ಹೊರಡುತ್ತದೆ, ತಿರುವಿನಿಂದ ಬೇಗ ಎದ್ದು ಬರುತ್ತದೆ. ಆದರೆ ಬ್ರೇಕ್ ಒತ್ತಿದಾಗ ಎಲ್ಲ ಕಾರುಗಳೂ ನಾಲ್ಕು ಚಕ್ರದವೇ. ಅಲ್ಲಿ ಲೆಕ್ಕಕ್ಕೆ ಬರುವುದು ಟೈರು ಮತ್ತು ತೂಕ, ಹೆಚ್ಚುವರಿ ಶಾಫ್ಟು ಹೊತ್ತ ಕಾರು ಆ ಲೆಕ್ಕದಲ್ಲಿ ತುಸು ಹಿಂದೆಯೇ. ಈ ವಿಷಯದ ಚರಿತ್ರೆಯನ್ನು ಒಮ್ಮೆ ನೆಟ್ಟಗೆ ಓದಿದ್ದರೆ ಇಂಥ ಗೊಂದಲಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1903ರಲ್ಲೇ ಹಾಲೆಂಡಿನ ಸ್ಪೈಕರ್ ನಾಲ್ಕು ಚಕ್ರ ಎಳೆಯುವ ರೇಸ್ ಕಾರು ಕಟ್ಟಿತ್ತು. ಆಮೇಲೆ ಅರ್ಧ ಶತಮಾನ ಈ ವಿದ್ಯೆ ಸೇನೆಯ ಜೀಪು, ಲಾರಿಗಳ ಪಾಲಾಯಿತು. ಅದನ್ನು ಡಾಂಬರು ರಸ್ತೆಗೆ ಹಟ ಹಿಡಿದು ತಂದವರು ಟ್ರ್ಯಾಕ್ಟರಿನಿಂದ ಹೆಸರಾದ ಹ್ಯಾರಿ ಫರ್ಗುಸನ್ ಮತ್ತು ಅವರ ಜೊತೆಗಾರ ಮೇಜರ್ ಟೋನಿ ರೋಲ್ಟ್. ರೋಲ್ಟ್ 1953ರ ಲೆ ಮಾನ್ಸ್ ಗೆದ್ದವರು, ಯುದ್ಧಕಾಲದಲ್ಲಿ ಜರ್ಮನರ ಕೋಲ್ಡಿಟ್ಜ್ ಕೋಟೆಯಲ್ಲಿ ಸೆರೆಯಾಗಿದ್ದವರು. 1961ರಲ್ಲಿ ಇವರ ಪಿ99 ಕಾರನ್ನು ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕಿನ ಒದ್ದೆ ಟ್ರ್ಯಾಕಿನಲ್ಲಿ ಓಡಿಸಿ ಗೆದ್ದರು. ಫಾರ್ಮುಲಾ ಒನ್ ಕಾರುಗಳ ರೇಸೊಂದನ್ನು ನಾಲ್ಕು ಚಕ್ರ ಎಳೆಯುವ ಕಾರು ಗೆದ್ದದ್ದು ಅದೊಂದೇ ಸಲ. 1969ರಲ್ಲಿ ಲೋಟಸ್, ಮ್ಯಾಟ್ರಾ, ಮೆಕ್ಲಾರೆನ್ ಮೂವರೂ ಮತ್ತೆ ಪ್ರಯತ್ನಿಸಿ ಕೈಬಿಟ್ಟರು. ಅಷ್ಟರಲ್ಲಿ ಅಗಲದ ಟೈರು, ರೆಕ್ಕೆಗಳು ಬಂದು ಅದೇ ಹಿಡಿತವನ್ನು ಕಡಿಮೆ ತೂಕದಲ್ಲಿ ಕೊಡತೊಡಗಿದ್ದವು.

ಫರ್ಗುಸನ್ ವಿದ್ಯೆ ರಸ್ತೆಗೆ ಬಂದದ್ದು 1966ರ ಜೆನ್ಸನ್ ಎಫ್‌ಎಫ್‌ನಲ್ಲಿ. ನಾಲ್ಕು ಜನ ಕೂರುವ, ಕ್ರೈಸ್ಲರ್ ವಿ8 ಎಂಜಿನ್ನಿನ ಆ ಕಾರಿಗೆ ವಿಮಾನದಿಂದ ಬಂದ ಡನ್‌ಲಪ್ ಮ್ಯಾಕ್ಸಾರೆಟ್ ಆ್ಯಂಟಿಲಾಕ್ ಬ್ರೇಕೂ ಇತ್ತು. ಎಲ್ಲ ಸರಿ, ಆದರೆ ಶಾಫ್ಟುಗಳು ಕೂತ ಜಾಗದಿಂದಾಗಿ ಸ್ಟೀಯರಿಂಗನ್ನು ಎಡಕ್ಕೆ ತರಲಾಗಲಿಲ್ಲ. ಅಮೆರಿಕದ ಮಾರುಕಟ್ಟೆ ಮುಚ್ಚಿಹೋಯಿತು, ಸುಮಾರು 320 ಕಾರುಗಳಲ್ಲಿ ಕಥೆ ಮುಗಿಯಿತು. 1972ರ ಸುಬಾರು ಲಿಯೋನ್ ಹಿಮದ ನಾಡಿನ ರೈತರ ಬಂಡಿ, 1980ರ ಎಎಮ್‌ಸಿ ಈಗಲ್ ಅಮೆರಿಕದ ಸಂಸಾರಸ್ಥರದ್ದು. ವೇಗಕ್ಕೂ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಈಗಲ್‌ನ ನಡುವೆ ಇದ್ದ ವಿಸ್ಕಸ್ ಕಪ್ಲಿಂಗ್ ಫರ್ಗುಸನ್ ಮನೆಯದೇ ಎಂಬುದನ್ನು ನೆನಪಿಡಬೇಕು.

ಈ ವಿಸ್ಕಸ್ ಕಪ್ಲಿಂಗನ್ನು ಬಿಚ್ಚಿ ನೋಡಿದವರು ಕಡಿಮೆ. ಅಂಗೈಗಿಂತ ತುಸು ದೊಡ್ಡ ಉಕ್ಕಿನ ಡಬ್ಬಿ. ಒಳಗೆ ತೂತು ಕೊರೆದ ತೆಳು ತಟ್ಟೆಗಳ ಸಾಲು, ಒಂದು ಬಿಟ್ಟು ಒಂದು ಮುಂದಿನ ಶಾಫ್ಟಿಗೆ, ಉಳಿದವು ಹಿಂದಿನ ಶಾಫ್ಟಿಗೆ. ನಡುವೆ ಜೇನಿನಷ್ಟು ಮಂದವಾದ ಸಿಲಿಕೋನ್ ದ್ರವ. ಎರಡೂ ಕಡೆ ಒಂದೇ ವೇಗದಲ್ಲಿ ತಿರುಗುವಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಒಂದು ಕಡೆಯ ಚಕ್ರ ಜಾರಿ ವೇಗ ಹೆಚ್ಚಾದರೆ ದ್ರವ ಉಜ್ಜಿ ಬಿಸಿಯಾಗಿ ತಟ್ಟೆಗಳನ್ನು ಹಿಡಿಯುತ್ತದೆ, ಶಕ್ತಿ ಆಚೆಗೆ ಹರಿಯುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದು ಸುಟ್ಟುಹೋಗುವ ಕಾರಣ ಮಾಮೂಲಿ: ಮಾಲೀಕರು ಹಣ ಉಳಿಸಲು ಎರಡೇ ಟೈರು ಹೊಸದು ಹಾಕಿಸಿರುತ್ತಾರೆ. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ನೇರ ರಸ್ತೆಯಲ್ಲೂ ಮುಂದಿನ, ಹಿಂದಿನ ಶಾಫ್ಟುಗಳ ವೇಗ ಒಂದಾಗುವುದಿಲ್ಲ. ಡಬ್ಬಿ ದಿನವಿಡೀ ಕಾಯುತ್ತದೆ.

ಆಡಿ ಕ್ವಾಟ್ರೊ ಕಥೆ ಎಲ್ಲರ ಬಾಯಲ್ಲೂ ಇದೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಚಳಿಗಾಲದ ಪರೀಕ್ಷೆಯಲ್ಲಿ 75 ಅಶ್ವಶಕ್ತಿಯ ಫೋಕ್ಸ್‌ವ್ಯಾಗನ್ ಇಲ್ಟಿಸ್ ಜೀಪು ಹೆಚ್ಚು ಶಕ್ತಿಯ ಮುಂಚಕ್ರದ ಆಡಿಗಳನ್ನು ಹಿಮದ ಮೇಲೆ ಹಿಂದೆ ಹಾಕಿತು. ಅದನ್ನು ಕಂಡ ಆಡಿಯ ಎಂಜಿನಿಯರ್ ಯಾರ್ಗ್ ಬೆನ್ಸಿಂಗರ್ ತಾಂತ್ರಿಕ ಮುಖ್ಯಸ್ಥ ಫರ್ಡಿನಾಂಡ್ ಪಿಯೆಕ್ ಅವರನ್ನು ಒಪ್ಪಿಸಿದರು. 1980ರ ಜಿನೀವಾ ಮೇಳದಲ್ಲಿ 200 ಅಶ್ವಶಕ್ತಿಯ ಕ್ವಾಟ್ರೊ ನಿಂತಿತ್ತು. ಗೇರ್‌ಬಾಕ್ಸಿನೊಳಗೆ ಟೊಳ್ಳು ಶಾಫ್ಟು ಹಾಕಿ ಬೇರೆ ಟ್ರಾನ್ಸ್‌ಫರ್ ಕೇಸಿನ ಭಾರವನ್ನೇ ತಪ್ಪಿಸಿದ್ದು ನಿಜವಾದ ಜಾಣ್ಮೆ. ಈ ವಿದ್ಯೆಯನ್ನು ಆಡಿಯೇ ಕಂಡುಹಿಡಿಯಿತು ಎಂಬಂತೆ ಬರೆಯುವುದು ಮಾತ್ರ ಜಾಹೀರಾತಿನ ಕೆಲಸ. ಇನ್ನೊಂದು ಸಂಗತಿಯನ್ನೂ ಜಾಹೀರಾತು ಹೇಳುವುದಿಲ್ಲ: 1983ರಲ್ಲಿ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿಯನ್ನು ಹಿಂಚಕ್ರ ಮಾತ್ರ ಎಳೆಯುವ ಲಾನ್ಸಿಯಾ 037 ಆಡಿಯಿಂದ ಎರಡೇ ಅಂಕದಲ್ಲಿ ಕಸಿದುಕೊಂಡಿತು. ಹಗುರ ಕಾರು, ಡಾಂಬರು ರಸ್ತೆಗಳ ಚುರುಕು ಲೆಕ್ಕಾಚಾರ. ಎರಡು ಚಕ್ರದ ಕಾರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಕೊನೆ.

ಈಗ ನನ್ನ ಕಾಲಕ್ಕೆ ಬರುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ಅಂದರೆ ಅನ್ನಲಿ, ಈ ವಿದ್ಯೆ ಪಕ್ವವಾದದ್ದು 1987ರಿಂದ 2000ದವರೆಗಿನ ಅವಧಿಯಲ್ಲೇ. ಅಪಾಯಕಾರಿ ಗ್ರೂಪ್ ಬಿ ಕಾರುಗಳನ್ನು 1986ರ ಕೊನೆಗೆ ನಿಲ್ಲಿಸಿ ಗ್ರೂಪ್ ಎ ನಿಯಮ ತಂದರು. ರ‍್ಯಾಲಿಗೆ ಇಳಿಯುವ ಕಾರಿನಂಥದೇ 5000 ಕಾರುಗಳನ್ನು ಮೊದಲು ಮಾರಬೇಕು ಎಂಬುದು ಷರತ್ತು. ಮಕ್ಕಳನ್ನು ಶಾಲೆಗೆ ಬಿಡುವ ಕಾರಿನ ಹೊಟ್ಟೆಯೊಳಗೆ ರ‍್ಯಾಲಿ ಯಂತ್ರ ಬಂದು ಕೂತದ್ದು ಈ ಒಂದು ಷರತ್ತಿನಿಂದ. ಲಾನ್ಸಿಯಾ ಡೆಲ್ಟಾ 1979ರ ಐದು ಬಾಗಿಲ ಸಾಧಾರಣ ಹ್ಯಾಚ್‌ಬ್ಯಾಕು. ಅದಕ್ಕೆ ನಡುವೆ ಫರ್ಗುಸನ್ ವಿಸ್ಕಸ್ ಕಪ್ಲಿಂಗ್, ಹಿಂದೆ ಟಾರ್ಸೆನ್ ಡಿಫರೆನ್ಷಿಯಲ್ ಬಂದವು. ಮೊದಲ ಡೆಲ್ಟಾ ಎಚ್‌ಎಫ್ ಫೋರ್ ವೀಲ್ ಡ್ರೈವ್‌ನಲ್ಲಿ ಶಕ್ತಿಯ ಶೇ. 56 ಮುಂದಕ್ಕೆ ಹೋಗುತ್ತಿತ್ತು, ಹದಿನಾರು ವಾಲ್ವಿನ ಇಂಟೆಗ್ರಾಲೆಯಲ್ಲಿ ಶೇ. 53 ಹಿಂದಕ್ಕೆ ತಿರುಗಿಸಿದರು. ಕಾರಿನ ಸ್ವಭಾವವೇ ಬದಲಾಯಿತು, ಮೂತಿ ಹೊರಕ್ಕೆ ಹೋಗುವ ಚಾಳಿ ತಗ್ಗಿತು. ಎಳೆಯುವ ಚಕ್ರ ನಾಲ್ಕೇ, ಹಂಚಿಕೆಯಷ್ಟೇ ಬೇರೆ. 1987ರಿಂದ 1992ರವರೆಗೆ ಆರು ವರ್ಷ ತಯಾರಕರ ಪ್ರಶಸ್ತಿ ಲಾನ್ಸಿಯಾದ್ದು.

ಆಮೇಲೆ ಜಪಾನು. ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಎರಡೂ 1992ರ ಕೂಸುಗಳು, ಎರಡೂ ನಾಲ್ಕು ಬಾಗಿಲಿನ ಸೆಡಾನುಗಳು. ಸುಬಾರುವಿನ ಬಾಕ್ಸರ್ ಎಂಜಿನ್ನು ತಗ್ಗಿನಲ್ಲಿ ಕೂತು ಎಡ ಬಲ ಸಮನಾಗಿ ತೂಗಿತು. ಮಿತ್ಸುಬಿಷಿ 1996ರ ಎವೊ ನಾಲ್ಕರಲ್ಲಿ ಹಿಂದಿನ ಎಡ ಬಲ ಚಕ್ರಗಳ ನಡುವೆಯೇ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಡಿಫರೆನ್ಷಿಯಲ್ ಕೂರಿಸಿತು. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಹೆಚ್ಚು ಶಕ್ತಿ ಕೊಟ್ಟರೆ ಕಾರು ತಾನೇ ಒಳಕ್ಕೆ ತಿರುಗುತ್ತದೆ. ನಾಲ್ಕು ಚಕ್ರದ ಎಳೆತ ತಿರುವಿಗೂ ನೆರವಾದದ್ದು ಇಲ್ಲಿಂದ. ಇಂದು ಕಂಪ್ಯೂಟರ್ ಹೆಸರಿನಲ್ಲಿ ಮಾರುತ್ತಿರುವ ಬಹುಪಾಲು ಸಂಗತಿ ಅಂದಿನ ಆ ಪೆಟ್ಟಿಗೆಯ ಮರಿಮಕ್ಕಳು. ಅದೇ 1996ರಲ್ಲಿ ಫ್ರಾಂಕ್ ಬೀಲಾ ಆಡಿ ಎ4 ಕ್ವಾಟ್ರೊದಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಪ್ರಶಸ್ತಿ ಗೆದ್ದರು. ಅದಕ್ಕೆ ಹೆಚ್ಚುವರಿ ತೂಕ ಹೊರಿಸಿದರು, 1998ಕ್ಕೆ ನಾಲ್ಕು ಚಕ್ರವನ್ನೇ ನಿಷೇಧಿಸಿದರು.

ಆ ಹೊತ್ತಿನಲ್ಲಿ ಕರ್ನಾಟಕದಲ್ಲಿದ್ದ ನಾವು ಬೇರೆಯದೇ ಶಾಲೆಯಲ್ಲಿ ಕಲಿತೆವು. ಕೆ-1000 ರ‍್ಯಾಲಿಯ ಕೆಮ್ಮಣ್ಣಿನಲ್ಲಿ ಜಿಪ್ಸಿ ಬಿಟ್ಟರೆ ಎಸ್ಟೀಮ್, ಬಲೆನೊ, ಆಮೇಲೆ ಸೀಡಿಯಾ, ಎಲ್ಲ ಮುಂಚಕ್ರದವೇ. ತಿರುವಿಗೆ ಮೊದಲೇ ಆಕ್ಸಿಲರೇಟರ್ ಬಿಟ್ಟು ಹಿಂಬದಿಯನ್ನು ಸಡಿಲಿಸುವುದು, ಎಡಗಾಲಿನಲ್ಲಿ ಬ್ರೇಕ್ ಒತ್ತುವುದು, ಹ್ಯಾಂಡ್‌ಬ್ರೇಕಿನಲ್ಲಿ ಕಾರು ತಿರುಗಿಸುವುದು ಇಲ್ಲಿಯವರ ಕೈಗುಣವಾದದ್ದು ಹೀಗೆ. ಗೌರವ್ ಗಿಲ್ 2013ರಲ್ಲಿ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಗೆದ್ದದ್ದು ನಾಲ್ಕು ಚಕ್ರದ ಸ್ಕೋಡಾ ಫೇಬಿಯಾದಲ್ಲಿ, ಆದರೆ ಅವರೂ ಈ ಶಾಲೆಯಲ್ಲೇ ಪಳಗಿದವರು.

ಮುಂಚಕ್ರದ ಪಕ್ಷಕ್ಕೆ ನಮ್ಮ ಬರಹಗಾರರಿಂದ ನ್ಯಾಯ ಸಿಕ್ಕಿಲ್ಲ. ಅದರ ಕಷ್ಟ ಎರಡು. ಕಾರು ಮುನ್ನುಗ್ಗುವಾಗ ತೂಕ ಹಿಂದಕ್ಕೆ ವಾಲುತ್ತದೆ, ಎಳೆಯಬೇಕಾದ ಚಕ್ರವೇ ಹಗುರಾಗುತ್ತದೆ. ಜೊತೆಗೆ ತಿರುಗಿಸುವ ಚಕ್ರವೇ ಎಳೆಯಲೂ ಬೇಕಾದ್ದರಿಂದ ಸ್ಟೀಯರಿಂಗು ಕೈಯಿಂದ ಕಿತ್ತುಕೊಳ್ಳುತ್ತದೆ. ಫೋರ್ಡ್ ಫೋಕಸ್ ಆರ್‌ಎಸ್ ಈ ಕಷ್ಟದ ಪೂರ್ತಿ ಚರಿತ್ರೆ. 2002ರಲ್ಲಿ 215 ಅಶ್ವಶಕ್ತಿಗೆ ಕ್ವೈಫ್ ಡಿಫರೆನ್ಷಿಯಲ್ ಹಾಕಿದರು, ಎಳೆತ ಬಂತು, ಸ್ಟೀಯರಿಂಗ್ ಮಾತ್ರ ಗುದ್ದಾಡಿತು. 2009ರಲ್ಲಿ 305ಕ್ಕೆ ಏರಿದಾಗ ಮುಂದಿನ ಸಸ್ಪೆನ್ಷನ್ನಿನ ತಿರುಗು ಅಕ್ಷವನ್ನೇ ಚಕ್ರದ ಮಧ್ಯಕ್ಕೆ ಹತ್ತಿರ ತಂದು ಪಳಗಿಸಿದರು. 350 ಅಶ್ವಶಕ್ತಿಯ ಮುಂದಿನ ತಲೆಮಾರಿಗೆ ಬಂದಾಗ ಸೋಲೊಪ್ಪಿ ನಾಲ್ಕು ಚಕ್ರಕ್ಕೆ ಹೋದರು. ಹೋಂಡಾ ಸೋಲೊಪ್ಪಲಿಲ್ಲ. 2017ರಲ್ಲಿ 320 ಅಶ್ವಶಕ್ತಿಯ ಸಿವಿಕ್ ಟೈಪ್ ಆರ್ ಎರಡೇ ಚಕ್ರದ ಎಳೆತದಲ್ಲಿ ನೂರ್ಬರ್ಗ್‌ರಿಂಗನ್ನು 7 ನಿಮಿಷ 43.80 ಸೆಕೆಂಡಿಗೆ ಸುತ್ತಿತು. ಒಣ ರಸ್ತೆಗೆ ಈ ಪಕ್ಷವೇ ಹೆಚ್ಚು ಜಾಣತನದ್ದು ಎಂಬುದು ನನ್ನ ಅಭಿಪ್ರಾಯ.

ಹಿಂಚಕ್ರದ ಕೋಟೆ ಬಿದ್ದದ್ದು ಬಿಎಂಡಬ್ಲ್ಯು ಎಂ5ರಲ್ಲಿ. 560 ಅಶ್ವಶಕ್ತಿಯ ಹಿಂಚಕ್ರದ ಎಂ5ಗಿಂತ 600 ಅಶ್ವಶಕ್ತಿಯ ನಾಲ್ಕು ಚಕ್ರದ ಎಂ5 ನೂರು ಕಿಲೋಮೀಟರ್ ವೇಗವನ್ನು ಸುಮಾರು ಒಂದು ಸೆಕೆಂಡು ಮೊದಲೇ ಮುಟ್ಟಿತು. ಬರೀ 40 ಅಶ್ವಶಕ್ತಿಯಿಂದ ಅಷ್ಟು ಸಿಗುವುದಿಲ್ಲ. ಹಳೆಯ ಭಕ್ತರ ಸಮಾಧಾನಕ್ಕೆ ಮುಂದಿನ ಚಕ್ರಗಳನ್ನು ಬಿಡಿಸುವ ಆಯ್ಕೆಯೂ ಇತ್ತು. ಅದೇ ಬಿಎಂಡಬ್ಲ್ಯುವಿನ 1985ರ 325ಐಎಕ್ಸ್ ಬಲಗೈ ಸ್ಟೀಯರಿಂಗಿನಲ್ಲಿ ತಯಾರಾಗಲೇ ಇಲ್ಲ ಎಂಬುದನ್ನು ನೆನೆದರೆ, ಚೆನ್ನೈಯಲ್ಲಿ ಜೋಡಿಸಿದ ಎಂ340ಐ ಎಕ್ಸ್‌ಡ್ರೈವ್ 2021ರಲ್ಲಿ ನಮ್ಮ ರಸ್ತೆಗೆ ಬಂದದ್ದು ಸಣ್ಣ ಸಂಗತಿಯಲ್ಲ. ವಿದ್ಯುತ್ ಕಾರಿನಲ್ಲಂತೂ ನಡುವಿನ ಶಾಫ್ಟೇ ಮಾಯ, ಮುಂದೊಂದು ಮೋಟಾರು, ಹಿಂದೊಂದು ಮೋಟಾರು. 2014ರ ಟೆಸ್ಲಾ ಮಾಡೆಲ್ ಎಸ್ ಪಿ85ಡಿ ಇದನ್ನು ಜನಪ್ರಿಯ ಮಾಡಿತು.

ಇಷ್ಟಾದರೂ ಒಂದು ಲೆಕ್ಕ ನಮ್ಮಲ್ಲಿ ಬಾಕಿ ಇದೆ. ಭಾರತದಲ್ಲಿ ಬಿವೈಡಿ ಸೀಲ್ ಹಿಂಚಕ್ರದಲ್ಲೂ ನಾಲ್ಕು ಚಕ್ರದಲ್ಲೂ ಬಂತು. ನೂರಕ್ಕೆ 5.9 ಸೆಕೆಂಡು ಒಂದಕ್ಕೆ, 3.8 ಇನ್ನೊಂದಕ್ಕೆ. ಎಲ್ಲರೂ ಈ ಅಂತರವನ್ನು ನಾಲ್ಕು ಚಕ್ರದ ಖಾತೆಗೆ ಜಮಾ ಮಾಡಿದರು, ಒಂದರ ಶಕ್ತಿ 313, ಇನ್ನೊಂದರದು 530 ಎಂಬುದನ್ನು ಮರೆತು. ನಾವು ಅಳೆಯುವುದೆಲ್ಲ ಒಣ ರಸ್ತೆಯಲ್ಲಿ ಹೊರಡುವ ವೇಗವನ್ನು, ಅಂದರೆ ನಾಲ್ಕು ಚಕ್ರ ಗೆಲ್ಲಲೇಬೇಕಾದ ಪರೀಕ್ಷೆಯನ್ನು. ವಾಹನ ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಮಳೆಗಾಲದಲ್ಲಿ ಹತ್ತಿರ ಹತ್ತಿರದ ಶಕ್ತಿಯ ಎರಡು ಚಕ್ರದ ಕಾರೊಂದಕ್ಕೂ ನಾಲ್ಕು ಚಕ್ರದ ಕಾರೊಂದಕ್ಕೂ ಒಂದೇ ಕಂಪನಿಯ ಹೊಸ ಟೈರು ಹಾಕಿಸಿ, ಒದ್ದೆ ರಸ್ತೆಯಲ್ಲಿ ನೂರರಿಂದ ನಿಲ್ಲಲು ಎಷ್ಟು ಮೀಟರ್ ಬೇಕಾಯಿತು ಎಂಬುದನ್ನು ಅಳೆದು, ಹೊರಡುವ ವೇಗದ ಪಕ್ಕದಲ್ಲೇ ಅಚ್ಚು ಮಾಡಿ.