ಸುಂಕದಕಟ್ಟೆಯಲ್ಲಿ ಸಂಜೆಯೂಟ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇದೆ. ಹೆಚ್ಚುಕಡಿಮೆ ಅದೇ ಅರ್ಥದ ಹೆಸರು ಹೊತ್ತ ಇನ್ನೊಂದು ಜಾಗ ಹಿಂದೂ ಮಹಾಸಾಗರದ ಆಚೆ ದಡದಲ್ಲಿದೆ. ಪೂರ್ವ ಆಫ್ರಿಕದ ಕರಾವಳಿಗೆ ಸಮೀಪದ ಜಾಂಜಿಬಾರ್ ದ್ವೀಪದ ಬಂದರಿನಲ್ಲಿರುವ ಆ ಜಾಗದ ಹೆಸರು ಫೊರೊಧಾನಿ. ಸ್ವಾಹಿಲಿ ಭಾಷೆಯಲ್ಲಿ 'ಫೊರೊಧ' ಎಂದರೆ ಸುಂಕದ ಮನೆ. ಕೊನೆಯ 'ನಿ' ನಮ್ಮ 'ಅಲ್ಲಿ' ಎಂಬ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತದೆ. ಹಡಗಿನಿಂದ ಇಳಿದ ಸರಕಿಗೆ ಸುಂಕ ಕಟ್ಟಬೇಕಾಗಿದ್ದ ಈ ದಡದಲ್ಲಿ ಇಂದು ಸಂಜೆಯಾಗುತ್ತಲೇ ಒಲೆಗಳು ಹೊತ್ತಿಕೊಳ್ಳುತ್ತವೆ. ಗೋಡೆ, ಛಾವಣಿ ಏನೂ ಇಲ್ಲದ ಆಫ್ರಿಕದ ಹೋಟೆಲು ಇದು ಎನ್ನಬಹುದು. ಒಂದು ಪಕ್ಕದಲ್ಲಿ ಒಮಾನಿ ಅರಬರ ಹಳೆಯ ಕೋಟೆ, ಎದುರಿಗೆ ಸಮುದ್ರ, ನಡುವಿನ ಉದ್ಯಾನದಲ್ಲಿ ಸಾಲು ಸಾಲು ಮೇಜು. ಈ ಉದ್ಯಾನ 1936ರಲ್ಲಿ ಸುಲ್ತಾನ ಖಲೀಫಾ ಬಿನ್ ಹರೂಬ್ ಪಟ್ಟವೇರಿ 25 ವರ್ಷ ತುಂಬಿದ ನೆನಪಿಗೆ ಆದದ್ದು.

ಇಲ್ಲಿಗೆ ಹೋದ ಭಾರತೀಯನಿಗೆ ಮೊದಲು ಆಗುವುದು ಬೆರಗಲ್ಲ, ಗುರುತು. ಚಪಾತಿ ಇಲ್ಲಿಯೂ ಚಪಾತಿಯೇ. ಸಮೋಸ 'ಸಂಬೂಸ' ಆಗಿದೆ, ಭಜಿಯ 'ಬಜಿಯ' ಆಗಿದೆ, ಉಪ್ಪಿನಕಾಯಿ 'ಅಚಾರಿ'. ಕಬ್ಬಿನ ಹಾಲಿಗೆ ಶುಂಠಿ, ನಿಂಬೆ ಹಿಂಡುವುದೂ ನಮ್ಮಂತೆಯೇ. ಜಾಂಜಿಬಾರಿನವರ ಅಚ್ಚುಮೆಚ್ಚಿನ 'ಉರೋಜೊ' ಎಂಬುದನ್ನೇ ನೋಡಿ. ಹಿಟ್ಟು ಕದಡಿ, ಅರಿಸಿನ ಹಾಕಿ, ಮಾವಿನಕಾಯಿಯದೋ ನಿಂಬೆಯದೋ ಹುಳಿ ಸೇರಿಸಿ ಕುದಿಸಿದ ಹಳದಿ ಸಾರು. ಅದರಲ್ಲಿ ಬಜಿಯ, ಬೇಯಿಸಿದ ಆಲೂಗೆಡ್ಡೆ, ಮೇಲೆ ತೆಂಗಿನಕಾಯಿ ಚಟ್ನಿ, ಕರಿದ ಮರಗೆಣಸಿನ ಎಸಳು, ಖಾರ. ಮಾಂಸದ ತುಂಡು, ಮೊಟ್ಟೆ ಬೇಕಾದವರು ಹಾಕಿಸಿಕೊಳ್ಳುತ್ತಾರೆ. ಬೇಡವೆಂದರೆ ಸಸ್ಯಾಹಾರಿಗೂ ಊಟವಾಯಿತು. ನಮ್ಮ ಮಸಾಲಪುರಿಯ ದೂರದ ನೆಂಟ ಎಂದರೆ ತಪ್ಪಾಗಲಾರದು.

ಹಾಗಾದರೆ ಇದು ನಮ್ಮ ಅಡುಗೆಯೇ? ಹೋಗಿಬಂದ ಅನೇಕರು ಹೌದೆಂದು ಹೆಮ್ಮೆಪಡುವುದುಂಟು. ಆ ಹೆಮ್ಮೆಯನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು.

ಈಶಾನ್ಯ ಮಾರುತವನ್ನು ಸ್ವಾಹಿಲಿಗಳು 'ಕಸ್ಕಜಿ' ಎಂದೂ, ದಕ್ಷಿಣದಿಂದ ಬೀಸುವುದನ್ನು 'ಕುಸಿ' ಎಂದೂ ಕರೆಯುತ್ತಾರೆ. ಡಿಸೆಂಬರಿನಿಂದ ಬೀಸುವ ಕಸ್ಕಜಿಯಲ್ಲಿ ಅರಬಸ್ಥಾನ, ಕಚ್ಛ್, ಗುಜರಾತಿನ ಹಾಯಿಹಡಗುಗಳು ಇಲ್ಲಿಗೆ ಬರುತ್ತಿದ್ದವು; ಗಾಳಿ ತಿರುಗಿ ಕುಸಿ ಎದ್ದ ಮೇಲೆ ಮರಳುತ್ತಿದ್ದವು. ನಡುವಿನ ತಿಂಗಳುಗಳನ್ನು ಬಂದವರು ಬಂದರಿನಲ್ಲೇ ಕಳೆಯಬೇಕು, ಅಲ್ಲಿಯೇ ಉಣ್ಣಬೇಕು. ಮನೆಯ ಮುಂದಿನ 'ಬರಾಜ', ಅಂದರೆ ನಮ್ಮ ಜಗಲಿ, ಊರಿನವರಿಗೂ ಪರದೇಶಿಗೂ ಮಾತಿನ ಜಾಗವಾದದ್ದು ಹೀಗೆ. 16ನೆಯ ಶತಮಾನದಲ್ಲಿ ಬಂದ ಪೋರ್ಚುಗೀಸರನ್ನು 1698ರಲ್ಲಿ ಒಮಾನಿಗಳು ಹೊರಗಟ್ಟಿದರು. ಅವರು ಹೋದರೂ ಅಮೆರಿಕ ಖಂಡದ ಮರಗೆಣಸು ಮತ್ತು ಮೆಣಸಿನಕಾಯಿ ಉಳಿದುವು. ನಮ್ಮ ಮೆಣಸಿನಕಾಯಿಯ ಕಥೆಯೂ ಅದೇ ಅಲ್ಲವೇ?

ಒಮಾನಿನ ದೊರೆ ಸಯ್ಯಿದ್ ಸಯೀದ್ 1840ರ ಸುಮಾರಿಗೆ ತನ್ನ ರಾಜಧಾನಿಯನ್ನೇ ಮಸ್ಕತ್‌ನಿಂದ ಜಾಂಜಿಬಾರಿಗೆ ತಂದ. ಅವನಿಗೆ ತೋಟ ಮಾಡಿಸುವುದು ಗೊತ್ತಿತ್ತು. ಸುಂಕದ ಲೆಕ್ಕಕ್ಕೆ ಬೇರೆಯವರು ಬೇಕಿತ್ತು. ಸುಂಕ ವಸೂಲಿಯ ಗುತ್ತಿಗೆ ಕಚ್ಛ್‌ನ ಮುಂದ್ರಾ ಮೂಲದ ಭಾಟಿಯಾ ವ್ಯಾಪಾರಿ ಜೈರಾಮ್ ಶಿವಜಿಯ ಪೇಢಿಯ ಕೈಗೆ ಹೋಯಿತು. ವರ್ಷಕ್ಕೆ ಇಷ್ಟು ಎಂದು ಸುಲ್ತಾನನಿಗೆ ಕಟ್ಟಿ, ಉಳಿದದ್ದನ್ನು ಗುತ್ತಿಗೆದಾರ ಇಟ್ಟುಕೊಳ್ಳುವ ಪದ್ಧತಿ. ಸುಲ್ತಾನನೇ ಈ ಪೇಢಿಯಿಂದ ಸಾಲ ತರುತ್ತಿದ್ದನೆಂದ ಮೇಲೆ ಅದರ ಬಲವನ್ನು ಊಹಿಸಬಹುದು. ಈ ಕಟ್ಟೆಯಲ್ಲಿ ಆನೆದಂತಕ್ಕೆ ಸುಂಕ, ಲವಂಗಕ್ಕೆ ಸುಂಕ. ಒಳನಾಡಿನಿಂದ ಹಿಡಿದು ತಂದ ಗುಲಾಮರಿಗೂ ತಲೆಗಿಷ್ಟೆಂದು ಸುಂಕ.

ಲವಂಗ ಈ ದ್ವೀಪದ್ದಲ್ಲ. 19ನೆಯ ಶತಮಾನದ ಆರಂಭದಲ್ಲಿ ಫ್ರೆಂಚರ ಹಿಡಿತದಲ್ಲಿದ್ದ ದ್ವೀಪಗಳ ಮಾರ್ಗವಾಗಿ ಬಂದ ಗಿಡ. ಕೆಲವೇ ದಶಕಗಳಲ್ಲಿ ಜಾಂಜಿಬಾರ್ ಮತ್ತು ಪಕ್ಕದ ಪೆಂಬಾ ದ್ವೀಪಗಳು ಜಗತ್ತಿಗೇ ಲವಂಗ ಒದಗಿಸತೊಡಗಿದವು. ಮೊಗ್ಗು ಅರಳುವ ಮೊದಲೇ ಕೈಯಿಂದ ಬಿಡಿಸಿ ಒಣಗಿಸಬೇಕಾದ ಬೆಳೆಯಾದ್ದರಿಂದ ಆಳುಗಳು ಹೇರಳವಾಗಿ ಬೇಕು. ಆ ಆಳುಗಳು ಗುಲಾಮರು. ಲವಂಗ ಹಬ್ಬಿದಷ್ಟೂ ಆಹಾರ ಬೆಳೆಯುವ ಭೂಮಿ ಕುಗ್ಗಿ, ಅಕ್ಕಿ ಹಡಗಿನಲ್ಲಿ ಬರಬೇಕಾಯಿತು. ಇಂದು ಜಾಂಜಿಬಾರಿನ ಪಿಲಾವಿನ ಪರಿಮಳವನ್ನು ಹೊಗಳುವಾಗ, ಅಕ್ಕಿ ಏಕೆ ಹೊರಗಿನಿಂದ ಬಂತು, ಲವಂಗ ಯಾರ ಕೈಯಿಂದ ಬಂತು ಎಂಬುದು ಸಾಮಾನ್ಯವಾಗಿ ಮರೆತುಹೋಗುತ್ತದೆ. ಭಾರತೀಯ ವ್ಯಾಪಾರಿಗಳ ಮನೆಗಳಲ್ಲಿಯೂ ಗುಲಾಮರಿದ್ದರು. 1860ರಲ್ಲಿ ಬ್ರಿಟಿಷ್ ಕಾನ್ಸಲ್ ರಿಗ್ಬಿ, ಬ್ರಿಟಿಷ್ ಪ್ರಜೆಗಳೆಂಬ ಕಾರಣಕ್ಕೆ ಇವರ ಹಿಡಿತದಲ್ಲಿದ್ದ ಸಾವಿರಾರು ಜನರನ್ನು ಬಿಡಿಸಿದ. ಸುಲ್ತಾನ ಬರ್ಗಾಶ್ ಗುಲಾಮರ ಸಂತೆಯನ್ನು ಮುಚ್ಚಿದ್ದು 1873ರಲ್ಲಿ, ಅದೂ ಬ್ರಿಟಿಷರ ಒತ್ತಡಕ್ಕೆ ಮಣಿದು. ಗುಲಾಮಗಿರಿಯ ಕಾನೂನು ಮಾನ್ಯತೆ ಹೋಗಲು 1897ರವರೆಗೆ ಕಾಯಬೇಕಾಯಿತು. ಆ ಸಂತೆಯ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ನಿಂತಿದೆ; ಫೊರೊಧಾನಿಯಿಂದ ನಡೆದೇ ಹೋಗಬಹುದು.

ಕೋಕಮ್, ಕಾಯಿ, ಕೊತ್ತಂಬರಿ ಊರೂರಿಗೂ ಬೇರೆ ಕೈರುಚಿ ಕೊಡುವುದು ನಮಗೆ ಗೊತ್ತೇ ಇದೆ. ಬಜಿಯ ಕಚ್ಛ್‌ನಿಂದ ಹೋಗಿರಬಹುದು. ಆದರೆ ಅದನ್ನು ಹುಳಿಸಾರಿನಲ್ಲಿ ಮುಳುಗಿಸಿ, ಮರಗೆಣಸು ಉದುರಿಸಿ, ಬೀದಿಯಲ್ಲಿ ಬಟ್ಟಲಿಗೆ ಸುರಿದು ಕೊಟ್ಟದ್ದು ಜಾಂಜಿಬಾರು. ತೆಂಗಿನ ಹಾಲಿನಲ್ಲಿ ಬೇಯುವ ಆಕ್ಟೋಪಸ್ ಅಂತೂ ಯಾವ ಗುಜರಾತಿ ವ್ಯಾಪಾರಿಯ ಮನೆಯದೂ ಅಲ್ಲ. ಇಳಿತದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ಕೋಲು ಹಿಡಿದು ಅದನ್ನು ಹುಡುಕುವವರು ಕರಾವಳಿಯ ಹಳ್ಳಿಯವರು.

ಭಾರತಕ್ಕೂ ಈ ಲವಂಗಕ್ಕೂ ಒಮ್ಮೆ ಜಗಳವೇ ನಡೆಯಿತು. 1937ರಲ್ಲಿ ಜಾಂಜಿಬಾರಿನ ಬ್ರಿಟಿಷ್ ಆಡಳಿತ ಲವಂಗದ ಖರೀದಿಯ ಹಕ್ಕನ್ನು ಬೆಳೆಗಾರರ ಸಂಘವೊಂದಕ್ಕೆ ಒಪ್ಪಿಸಿ, ಭಾರತೀಯ ವ್ಯಾಪಾರಿಗಳನ್ನು ಬದಿಗೆ ಸರಿಸಿತು. ಕಾಂಗ್ರೆಸ್ ಜಾಂಜಿಬಾರಿನ ಲವಂಗವನ್ನು ಬಹಿಷ್ಕರಿಸಲು ಕರೆ ಕೊಟ್ಟಿತು. ಭಾರತ ದೊಡ್ಡ ಗಿರಾಕಿಯಾದ್ದರಿಂದ ಪೆಟ್ಟು ಬಿತ್ತು; 1938ರಲ್ಲಿ ರಾಜಿಯಾಯಿತು. ವ್ಯಾಪಾರಿಗೆ ಆದ ಅನ್ಯಾಯ ನಿಜ. ಆದರೆ ಅದೇ ವ್ಯಾಪಾರಿಯ ಬಳಿ ತೋಟ ಅಡವಿಟ್ಟವನ ದನಿ ನಮ್ಮ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಭಾಷೆ ಮಾತ್ರ ಅದನ್ನು ಹಿಡಿದಿಟ್ಟುಕೊಂಡಿದೆ. ಸ್ವಾಹಿಲಿಯಲ್ಲಿ ಅಂಗಡಿ 'ದುಕ', ಒಂದು ಲಕ್ಷ 'ಲಕಿ'. 'ಬೆಪಾರಿ' ಎಂದರೆ ಮೊದಲು ವ್ಯಾಪಾರಿ. ಕ್ರಮೇಣ ಅದು ಬಂಡವಾಳಗಾರನಿಗೆ ಅಂಟಿತು. ಬಂಡವಾಳಶಾಹಿಗೆ ಸ್ವಾಹಿಲಿ ಶಬ್ದ 'ಉಬೆಪಾರಿ'. ತಿಂಡಿಗಳ ಹೆಸರು ಪ್ರೀತಿಯಿಂದ ಉಳಿದರೆ, ತಂದವನ ಹೆಸರಿಗೆ ಹೀಗಾಯಿತು.

1963ರ ಡಿಸೆಂಬರ್ 10ರಂದು ಸ್ವಾತಂತ್ರ್ಯ ಬಂತು; ಒಂದು ತಿಂಗಳು ಕಳೆದ ಸ್ವಲ್ಪದರಲ್ಲೇ, 1964ರ ಜನವರಿ 12ರಂದು, ಕ್ರಾಂತಿಯಾಗಿ ಸುಲ್ತಾನ ಓಡಿಹೋದ. ಸಾವಿರಾರು ಜನ, ಹೆಚ್ಚಾಗಿ ಅರಬರು, ಹತರಾದರು. ಭಾರತೀಯ ಕುಟುಂಬಗಳು ದ್ವೀಪ ಬಿಟ್ಟವು. ಮುಂದೆ ಫ್ರೆಡಿ ಮರ್ಕ್ಯುರಿ ಎಂದು ಹೆಸರಾದ ಪಾರ್ಸಿ ಹುಡುಗನ ಮನೆಯವರೂ ಅವರಲ್ಲಿ ಸೇರಿದ್ದರು. ಅದೇ ಏಪ್ರಿಲ್‌ನಲ್ಲಿ ಜಾಂಜಿಬಾರ್ ತಾಂಗನ್ಯಿಕದೊಡನೆ ಸೇರಿ ತಾಂಜಾನಿಯಾ ಆಯಿತು. 1970ರ ಆಸುಪಾಸಿನಲ್ಲಿ ಅಕ್ಕಿ, ಸಕ್ಕರೆಗೂ ಜನ ಸಾಲು ನಿಲ್ಲಬೇಕಾದ ದಿನಗಳು ಬಂದವು. ವ್ಯಾಪಾರ ಸಡಿಲವಾಗಿ ಪ್ರವಾಸಿಗಳು ಬರತೊಡಗಿದ್ದು 1980ರ ದಶಕದ ನಡುಭಾಗದ ನಂತರ. 'ಜಾಂಜಿಬಾರ್ ಪಿಜ್ಜಾ' ಎಂಬ ತಿಂಡಿ ಅವರ ಕಣ್ಣಿಗೆ ಬಿದ್ದದ್ದೂ ಆಮೇಲೆಯೇ. ಅದರಲ್ಲಿ ಪಿಜ್ಜಾದ್ದು ಏನೂ ಇಲ್ಲ. ತೆಳ್ಳಗೆ ಎಳೆದ ಹಿಟ್ಟಿನೊಳಗೆ ಕೈಮಾ, ಮೊಟ್ಟೆ, ಈರುಳ್ಳಿ ಮಡಚಿ ಕಾವಲಿಯ ಮೇಲೆ ಬೇಯಿಸಿದ್ದು. ಹೆಸರು ಮಾತ್ರ ಹೊಸ ಗಿರಾಕಿಗಾಗಿ.

ಹಳೆಯ ಕಲ್ಲಿನ ಪಟ್ಟಣ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಗಾ ಖಾನ್ ಸಂಸ್ಥೆ ಫೊರೊಧಾನಿಯನ್ನು ದುರಸ್ತಿ ಮಾಡಿಸಿ 2009ರಲ್ಲಿ ಮತ್ತೆ ತೆರೆಯಿತು. ಎದುರಿಗಿದ್ದ, 1883ರಲ್ಲಿ ಬರ್ಗಾಶ್ ಕಟ್ಟಿಸಿದ 'ಅದ್ಭುತಗಳ ಅರಮನೆ'ಯ ಒಂದು ಭಾಗ 2020ರ ಡಿಸೆಂಬರ್ 25ರಂದು ಕುಸಿದುಬಿತ್ತು. ಇತ್ತ ಕ್ರಾಂತಿಯ ನಂತರ ಒಮಾನಿಗೆ ಮರಳಿದ ಅರಬ ಕುಟುಂಬಗಳು ಸ್ವಾಹಿಲಿ ಮಾತನ್ನೂ 'ಮಂದಾಜಿ' ಎಂಬ ಸಿಹಿ ಕರಿದ ರೊಟ್ಟಿಯನ್ನೂ ತಮ್ಮೊಡನೆ ಒಯ್ದವು. ಸಯೀದ್ ಬಿಟ್ಟುಬಂದ ಮಸ್ಕತ್‌ನಲ್ಲಿ ಇಂದು ಚಹಾದ ಜೊತೆಗೆ ಅದು ಸಿಗುತ್ತದೆ.