ಎಡಗೈ ಅಣು, ಬಲಗೈ ಅಣು: ಬೆಳಕಿನ ಬಣ್ಣ ಬದಲಿಸುವ ವಸ್ತುಗಳು

ಕೆಂಪು ಗಾಜು ಹೊಸ ಬಣ್ಣವನ್ನು ಸೃಷ್ಟಿಸುವುದಿಲ್ಲ. ಬಿಳಿಯ ಬೆಳಕಿನಲ್ಲಿರುವ ಇತರ ಬಣ್ಣಗಳನ್ನು ಹೀರಿಕೊಂಡು ಕೆಂಪನ್ನಷ್ಟೇ ಹೊರಬಿಡುತ್ತದೆ. ಆದರೆ ಪ್ರಖರವಾದ ಲೇಸರ್ ಕಿರಣವನ್ನು ಕೆಲವು ಹರಳುಗಳ ಮೂಲಕ ಹಾಯಿಸಿದಾಗ, ಒಳಹೊಕ್ಕ ಬೆಳಕಿನಲ್ಲಿ ಇಲ್ಲದ ಬಣ್ಣವೇ ಹೊರಬರುತ್ತದೆ. ಇಂತಹ ವಿದ್ಯಮಾನಗಳಿಗೆ ಅರೇಖೀಯ ದ್ಯುತಿ ಪರಿಣಾಮಗಳೆಂದು ಹೆಸರು.

1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694.3 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಕ್ವಾರ್ಟ್ಜ್ ಹರಳಿಗೆ ಹಾಯಿಸಿದರು. ಅದರ ಅರ್ಧದಷ್ಟು, ಅಂದರೆ ಸುಮಾರು 347 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಬೆಳಕೂ ಹೊರಬಂದಿತು. ಬೆಳಕಿನ ಕಂಪನಾಂಕ ಇಮ್ಮಡಿಯಾಗಿತ್ತು. ಛಾಯಾಚಿತ್ರದಲ್ಲಿ ಮೂಡಿದ ಆ ಮಸುಕು ಚುಕ್ಕೆಯನ್ನು ಕೊಳೆಯೆಂದು ಭಾವಿಸಿ ಮುದ್ರಣದ ವೇಳೆ ಅಳಿಸಿಹಾಕಲಾಯಿತೆಂಬುದು ಪ್ರಸಿದ್ಧ ಸಂಗತಿ.

ಕೈಯ ಗುಟ್ಟು

ಎಡ ಮತ್ತು ಬಲ ಅಂಗೈಗಳು ಪರಸ್ಪರ ಪ್ರತಿಬಿಂಬಗಳು. ಆದರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅಣುಗಳಲ್ಲಿಯೂ ಇಂತಹ ಜೋಡಿಗಳುಂಟು. ಗ್ರೀಕ್ ಭಾಷೆಯಲ್ಲಿ ಕೈ ಎಂಬರ್ಥದ ಪದದಿಂದ ಇವುಗಳಿಗೆ 'ಕೈರಲ್' ಅಣುಗಳೆಂಬ ಹೆಸರು ಬಂದಿದೆ. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಎಡ-ಬಲ ಹರಳುಗಳನ್ನು ಕೈಯಿಂದಲೇ ಬೇರ್ಪಡಿಸಿದ್ದರು.

ಅನೇಕ ಹರಳುಗಳಲ್ಲಿ ಅಣುಗಳು ಎದುರುಬದುರಾಗಿ ಜೋಡಿಗೊಂಡಿರುತ್ತವೆ. ಒಂದರ ಪರಿಣಾಮವನ್ನು ಇನ್ನೊಂದು ಅಳಿಸುವುದರಿಂದ ಇಮ್ಮಡಿ ಕಂಪನಾಂಕದ ಬೆಳಕು ಹುಟ್ಟುವುದಿಲ್ಲ. ಒಂದೇ 'ಕೈ'ಯ ಅಣುಗಳಿಂದಾದ ಹರಳಿನಲ್ಲಿ ಇಂತಹ ಎದುರುಜೋಡಿ ಅಸಾಧ್ಯ. ಏಕೆಂದರೆ ಎಡಗೈ ಅಣುವಿಗೆ ಆ ಬಗೆಯ ಜೋಡಿಯಾಗಬಲ್ಲದ್ದು ಬಲಗೈ ಅಣು ಮಾತ್ರ. ಹೀಗಾಗಿ, ತೀರಾ ವಿರಳ ಅಪವಾದವನ್ನು ಬಿಟ್ಟರೆ, ಕೈರಲ್ ಹರಳುಗಳಲ್ಲಿ ಇಮ್ಮಡಿಕೆಗೆ ಅವಕಾಶವುಂಟು. ಅಮೈನೊ ಆಮ್ಲವೊಂದರಿಂದ ತಯಾರಾಗುವ ಎಲ್-ಆರ್ಜಿನೈನ್ ಫಾಸ್ಫೇಟ್ ಇಂತಹ ಹರಳು. ಚೀನಾದ ವಿಜ್ಞಾನಿಗಳು 1983ರಲ್ಲಿ ಇದರ ವರದಿ ಪ್ರಕಟಿಸಿದರು.

ಆದರೆ ಅವಕಾಶವೇ ಸಾಮರ್ಥ್ಯವಲ್ಲ. ಹೊಮ್ಮುವ ಬೆಳಕಿನ ಪ್ರಮಾಣವು ಅಣುವಿನ ಎಲೆಕ್ಟ್ರಾನುಗಳು ಎಷ್ಟು ಸುಲಭವಾಗಿ ಅಲುಗುತ್ತವೆ, ಅಣುಗಳು ಹೇಗೆ ಜೋಡಣೆಗೊಂಡಿವೆ ಎಂಬುದನ್ನು ಅವಲಂಬಿಸಿದೆ. ಸುರುಳಿಯಾಕಾರದ ಹೆಲಿಸೀನ್ ಅಣುಗಳ ತೆಳುಪದರಗಳ ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ನಿದರ್ಶನ. ಎಡ-ಬಲ ಸಮಮಿಶ್ರಣಕ್ಕಿಂತ ಒಂದೇ ಕೈಯ ಪದರದ ಅರೇಖೀಯ ಗುಣ ಸುಮಾರು 30 ಪಟ್ಟು ಹೆಚ್ಚಿತ್ತು. ಹೊಮ್ಮುವ ಬೆಳಕು ಈ ಗುಣದ ವರ್ಗಕ್ಕೆ ಅನುಗುಣವಾದ್ದರಿಂದ, ಅದರ ತೀವ್ರತೆ ಸಾವಿರ ಪಟ್ಟಿನಷ್ಟಾಯಿತು.

ಔಷಧಕ್ಕೇಕೆ ಮುಖ್ಯ?

ಪೆನಿಸಿಲಮೈನ್‌ನ ಒಂದು ರೂಪ, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಮದ್ದು. ಅದರ ಪ್ರತಿಬಿಂಬ ರೂಪ ವಿಷಕಾರಿ. ಆದ್ದರಿಂದ ಅಣುವಿನ ಕೈ ಯಾವುದೆಂದು ಗುರುತಿಸುವುದು ಅನಿವಾರ್ಯ. ಸಾಮಾನ್ಯ ವಿಧಾನದಲ್ಲಿ ಎಡಸುತ್ತು ಮತ್ತು ಬಲಸುತ್ತು ಬೆಳಕನ್ನು ಅಣುಗಳು ಹೀರುವ ಪ್ರಮಾಣದ ವ್ಯತ್ಯಾಸವನ್ನು ಅಳೆಯುತ್ತಾರೆ. ಅದು ಬಹುತೇಕ ಸಾವಿರದಲ್ಲೊಂದು ಪಾಲಿನಷ್ಟು ಅಲ್ಪ. ನೀರಿನ ಮೇಲ್ಮೈಯಲ್ಲಿನ ಬೈನಾಫ್ತಾಲ್ ಅಣುಗಳಿಂದ ಹೊಮ್ಮಿದ ಇಮ್ಮಡಿ ಕಂಪನಾಂಕದ ಬೆಳಕಿನಲ್ಲಾದರೋ ಈ ವ್ಯತ್ಯಾಸ ಎದ್ದುಕಾಣುವಷ್ಟಿದೆಯೆಂದು 1993ರಲ್ಲಿ ತಿಳಿದುಬಂತು.

ಔಷಧ ತಯಾರಿಕೆಯಲ್ಲಿ ಎಡ-ಬಲ ರೂಪಗಳನ್ನು ಬೇರ್ಪಡಿಸಿ ಅಳೆಯಲು ಇಂದಿಗೂ ಕ್ರೊಮ್ಯಾಟೊಗ್ರಫಿಯೇ ಮುಖ್ಯ ಸಾಧನ. ಆದರೆ ಒಂದೇ ಅಣುವಿನಷ್ಟು ದಪ್ಪದ ಪದರವನ್ನು ಕದಡದೆ, ಅದು ಇದ್ದಲ್ಲಿಯೇ ಪರೀಕ್ಷಿಸಬೇಕಾದಾಗ ಬೆಳಕಿನ ಈ ಇಮ್ಮಡಿಕೆ ನೆರವಿಗೆ ಬರುತ್ತದೆ.