ಅಂಗವೈಕಲ್ಯ ಪಿಂಚಣಿ ಅರ್ಜಿ ರಿಜೆಕ್ಟ್ ಆಯ್ತಾ? ಮಾಜಿ ಸೈನಿಕರ ಮೇಲ್ಮನವಿ ತೀರ್ಮಾನವಾಗುವುದು ಹೀಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಮಾಜಿ ಸೈನಿಕರ ಮನೆಗೆ ಬರುವ ಒಂದು ಕಾಗದದಲ್ಲಿ ಹೀಗೊಂದು ಸಾಲು ಇರುತ್ತದೆ: ‘ನೈದರ್ ಆಟ್ರಿಬ್ಯೂಟಬಲ್ ಟು ನಾರ್ ಆಗ್ರವೇಟೆಡ್ ಬೈ ಮಿಲಿಟರಿ ಸರ್ವಿಸ್’. ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ ಎಂಬುದು ಅದರ ಅರ್ಥ. ಝೆರಾಕ್ಸ್ ಅಂಗಡಿಯಲ್ಲಿ ಓದಿಸಿಕೊಂಡು, ‘ಮುಗೀತು ಬಿಡ್ರಿ’ ಅಂತ ಟ್ರಂಕಿನಲ್ಲಿ ಇಟ್ಟುಬಿಡುವವರಿದ್ದಾರೆ. ಆದರೆ ಆ ಕಾಗದ ಬಂದ ಮೇಲೆ ಆರು ತಿಂಗಳ ಗಡುವು ಓಡುತ್ತಿರುತ್ತದೆ.

ದುಡ್ಡಿನ ಲೆಕ್ಕ ಸಣ್ಣದೇನಲ್ಲ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ 30%, ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಕೊನೆಯ ವೇತನ 40,000 ರೂ. ಇದ್ದವರಿಗೆ 20% ಅಂಗವೈಕಲ್ಯವಾದರೆ ತಿಂಗಳಿಗೆ 2,400 ರೂ. ಇಲ್ಲಿ ‘ಬ್ರಾಡ್ ಬ್ಯಾಂಡಿಂಗ್’ ಎಂಬ ನಿಯಮವೂ ಇದೆ. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರೊಳಗೆ ಇದ್ದರೆ 75, ಅದರ ಮೇಲೆ 100 ಎಂದು ಹಿಡಿಯುತ್ತಾರೆ. ಆಗ ಅದೇ 2,400 ರೂ. 6,000 ಆಗುತ್ತದೆ, ತುಟ್ಟಿಭತ್ಯೆ ಬೇರೆ. ಸೇವಾವಧಿ ಪೂರ್ತಿ ಮುಗಿಸಿ ಬಂದವರಿಗೂ ಇದು ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ.

ಮೊದಲ ತೀರ್ಮಾನ ಮೆಡಿಕಲ್ ಬೋರ್ಡ್‌ನದು. ಸೇವೆಯಿಂದ ಬಿಡುಗಡೆಯಾಗುವ ಮುನ್ನ ಸೇನಾ ವೈದ್ಯರು ಪರೀಕ್ಷಿಸಿ, ಕಾಯಿಲೆಗೂ ಸೇವೆಗೂ ಸಂಬಂಧ ಇದೆಯೋ ಇಲ್ಲವೋ, ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಸಾಮಾನ್ಯವಾಗಿ 20%ಗಿಂತ ಕಡಿಮೆ ಇದ್ದರೆ ಪಿಂಚಣಿ ಬರುವುದಿಲ್ಲ. ಆದರೆ ಸೇನೆಯೇ ‘ಅನ್‌ಫಿಟ್’ ಅಂತ ಅವಧಿಗೆ ಮುಂಚೆ ಮನೆಗೆ ಕಳಿಸಿದ್ದರೆ, ಅಂಗವೈಕಲ್ಯ 20%ಗಿಂತ ಹೆಚ್ಚೇ ಇದೆ ಎಂದು ಭಾವಿಸಬೇಕು ಅಂತ 2014ರ ಸುಖವಿಂದರ್ ಸಿಂಗ್ ತೀರ್ಪು ಹೇಳುತ್ತದೆ.

ಅರ್ಜಿ ತಿರಸ್ಕಾರವಾದರೆ ಆರು ತಿಂಗಳೊಳಗೆ ಪ್ರಥಮ ಮೇಲ್ಮನವಿ. ಇದನ್ನು ತಮ್ಮ ರೆಕಾರ್ಡ್ಸ್ ಆಫೀಸ್ ಮೂಲಕ ಕಳಿಸಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿ, ಎಂಇಜಿಯವರಿಗೆ ಬೆಂಗಳೂರು, ಆರ್ಟಿಲರಿಯವರಿಗೆ ನಾಸಿಕ್, ಇಎಂಇ ಮತ್ತು ಆರ್ಡ್‌ನೆನ್ಸ್‌ನವರಿಗೆ ಸಿಕಂದರಾಬಾದ್. ಸೇಡಂ, ಚಿತ್ತಾಪುರದವರಿಗೆ ಈ ಕೊನೆಯದು ರೈಲಿನ ಹಾದಿಯಲ್ಲೇ ಇದೆ. ಮೇಲ್ಮನವಿ ಸಮಿತಿ ಕಡತ ನೋಡಿ ತೀರ್ಮಾನಿಸುತ್ತದೆ, ಹೀಗಾಗಿ ಬರೆದು ಕೊಟ್ಟದ್ದೇ ಮಾತು. ಅಲ್ಲೂ ಆಗದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಮೇಲ್ಮನವಿ.

ಅದರ ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದರೆ ಎಎಫ್‌ಟಿ. 2007ರ ಕಾಯ್ದೆಯಡಿ 2009ರಲ್ಲಿ ಶುರುವಾದ ಇದರ ಪ್ರಾದೇಶಿಕ ಪೀಠ ಕರ್ನಾಟಕದ ಪ್ರಕರಣಗಳನ್ನು ನೋಡುತ್ತದೆ. ಪೀಠದಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರೊಬ್ಬರು, ಸೇನೆಯ ಹಿರಿಯ ಹುದ್ದೆಯಲ್ಲಿದ್ದವರೊಬ್ಬರು ಕೂರುತ್ತಾರೆ. ಅಂತಿಮ ಆದೇಶ ಬಂದು ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಕಾಯುತ್ತಾ ಕೂರಬೇಕಿಲ್ಲ, ಆಗಲೂ ಹೋಗಬಹುದು. ವಕೀಲರಿಲ್ಲದೆ ತಾವೇ ವಾದಿಸಲೂ ಕಾಯ್ದೆ ಅವಕಾಶ ಕೊಡುತ್ತದೆ. ರೈಲೇ ಇಲ್ಲದ ಚಿಂಚೋಳಿಯವರಿಗೆ ಪ್ರಯಾಣವೇ ಒಂದು ಖರ್ಚು.

ನ್ಯಾಯಮಂಡಳಿ ಏನನ್ನು ನೋಡುತ್ತದೆ? ಇಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣ ಗೊತ್ತಿರಬೇಕು. 1985ರಲ್ಲಿ ಸೇನೆ ಸೇರಿದ ಈ ಸಿಪಾಯಿಯನ್ನು ಮೂರ್ಛೆರೋಗ ಅಂತ 1994ರಲ್ಲಿ ಮನೆಗೆ ಕಳಿಸಿದರು. ಅಂಗವೈಕಲ್ಯ 20%, ಪಿಂಚಣಿ ಇಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ತರ್ಕ ಸರಳ: ಭರ್ತಿಯಾಗುವಾಗ ವೈದ್ಯರೇ ತಪಾಸಣೆ ಮಾಡಿ ‘ಫಿಟ್’ ಅಂದಿದ್ದಾರೆ, ಕಾಯಿಲೆಯ ಟಿಪ್ಪಣಿ ಏನೂ ಇಲ್ಲ. ಆಮೇಲೆ ಬಂದ ಕಾಯಿಲೆ ಸೇವೆಯದೇ ಎಂದು ಭಾವಿಸಬೇಕು. ಅಲ್ಲ ಎನ್ನುವುದಾದರೆ ಅದನ್ನು ತೋರಿಸುವ ಹೊಣೆ ಸೇನೆಯದು, ಸೈನಿಕನದಲ್ಲ. ಮೆಡಿಕಲ್ ಬೋರ್ಡ್ ಕಾರಣವನ್ನೂ ಬರೆಯಬೇಕು. ಕಾರಣವಿಲ್ಲದ ಬೋರ್ಡ್ ಅಭಿಪ್ರಾಯ ನಿಲ್ಲುವುದಿಲ್ಲ ಎಂಬುದನ್ನು 2025ರಲ್ಲಿ ರಾಜುಮೋನ್ ಪ್ರಕರಣದಲ್ಲೂ ಕೋರ್ಟ್ ಹೇಳಿದೆ. ಹಾಗಾಗಿ ತಿರಸ್ಕಾರದ ಪತ್ರಕ್ಕಿಂತ ಮೆಡಿಕಲ್ ಬೋರ್ಡ್‌ನ ಪೂರ್ತಿ ವರದಿ ಮುಖ್ಯ. ಅದು ಕೈಯಲ್ಲಿ ಇಲ್ಲದಿದ್ದರೆ ರೆಕಾರ್ಡ್ಸ್ ಆಫೀಸ್‌ಗೆ 10 ರೂ. ಶುಲ್ಕದ ಆರ್‌ಟಿಐ ಅರ್ಜಿ ಹಾಕಿ, ಭರ್ತಿ ಸಮಯದ ವೈದ್ಯಕೀಯ ದಾಖಲೆಯನ್ನೂ ಸೇರಿಸಿ ಕೇಳಬೇಕು.

ಎಲ್ಲರಿಗೂ ಸಿಕ್ಕೇ ಸಿಗುತ್ತೆ ಅಂತಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಮಾನಸಿಕ ಕಾಯಿಲೆಯ ವಿಷಯದಲ್ಲಿ ಕೋರ್ಟ್ ವೈದ್ಯರ ಮಾತನ್ನೇ ಎತ್ತಿಹಿಡಿಯಿತು. ರಜೆಯ ಮೇಲೆ ಊರಿಗೆ ಬಂದಾಗ ಆಗುವ ಗಾಡಿ ಅಪಘಾತದ್ದು ಇನ್ನೂ ಕಷ್ಟ. ಅಂಥದ್ದೇ ಸ್ಕೂಟರ್ ಅಪಘಾತದಲ್ಲಿ ಗಾಯಗೊಂಡ ಜುಝಾರ್ ಸಿಂಗ್‌ಗೆ 2011ರಲ್ಲಿ ಪಿಂಚಣಿ ಸಿಗಲಿಲ್ಲ, ಗಾಯಕ್ಕೂ ಸೇನಾ ಕೆಲಸಕ್ಕೂ ಸಂಬಂಧ ಕಾಣಲಿಲ್ಲ ಎಂಬುದು ಕಾರಣ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ, ಇವು ಹಳೆಯದಕ್ಕಿಂತ ಬಿಗಿ. ನಿವೃತ್ತಿ ದಿನಾಂಕ ಯಾವುದೆಂದು ಮೊದಲೇ ನೋಡಿಕೊಂಡು ಮನವಿ ಬರೆಸಬೇಕು.

ಹಳೆಯ ಪ್ರಕರಣ, ಗಡುವು ಮೀರಿದೆ ಎನ್ನುವವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಸರಿಯಾದ ಕಾರಣ ಕೊಟ್ಟರೆ ನ್ಯಾಯಮಂಡಳಿ ವಿಳಂಬ ಮನ್ನಿಸಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಹತ್ತು ವರ್ಷ ಸುಮ್ಮನಿದ್ದವರು ಏಳು ವರ್ಷದ ಹಣ ಬಿಟ್ಟಂತೆ. ಸೈನಿಕ ತೀರಿಕೊಂಡಿದ್ದರೆ ಪತ್ನಿಯೂ ಅರ್ಜಿ ಹಾಕಬಹುದು.

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಿಂದ ಬಂದವರಿಗೆ ಈ ದಾರಿ ಬೇರೆ. ಅವರಿಗೆ ಎಎಫ್‌ಟಿ ಅನ್ವಯಿಸುವುದಿಲ್ಲ. ಇಲಾಖೆಯಲ್ಲಿ ಮನವಿ ಮುಗಿದ ಮೇಲೆ ಅವರು ಹೈಕೋರ್ಟಿಗೆ ರಿಟ್ ಹಾಕಬೇಕು, ಅದಕ್ಕೆ ಕಲಬುರಗಿಯಲ್ಲೇ ಪೀಠ ಇದೆ. ಎಎಫ್‌ಟಿ ಆದೇಶದ ವಿರುದ್ಧವೂ ಹೈಕೋರ್ಟಿಗೆ ರಿಟ್ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ.

ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿಯವರು ಒಂದು ಗಮನಿಸಬೇಕು. ಸ್ಪರ್ಶ್ ಪೋರ್ಟಲ್‌ನಲ್ಲಿ ದೂರು ಹಾಕಿ ನಂಬರ್ ಬಂದರೆ ಅದು ಮೇಲ್ಮನವಿ ಆಗುವುದಿಲ್ಲ, ಗಡುವೂ ನಿಲ್ಲುವುದಿಲ್ಲ. ಮೇಲ್ಮನವಿಯನ್ನು ಬೇರೆಯಾಗಿ, ಸಹಿ ಮಾಡಿ, ಡಿಸ್ಚಾರ್ಜ್ ಬುಕ್, ಪಿಪಿಒ ಮತ್ತು ತಿರಸ್ಕಾರದ ಪತ್ರದ ಪ್ರತಿ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು. ಆ ರಸೀದಿಯ ಅಕ್ಷರ ಬೇಗ ಮಾಸಿಹೋಗುತ್ತದೆ, ಅದನ್ನೂ ಒಂದು ಝೆರಾಕ್ಸ್ ಮಾಡಿ ಕೊಡಿ.